ಕುಣಿಮಗ್ಗಕ್ಕೊಂದು ನೆಲ

ಇಳಕಲ್ ಸೀರೆಯ ಮಗ್ಗ ಹೂಡಬೇಕಾದರೆ ಮೊದಲು ಮನೆಯ ನೆಲ ಅಗೆಯಬೇಕು. ಪಡಸಾಲೆಯ ಒಂದು ಬದಿಗೆ ಕುಣಿ ತೋಡುತ್ತಾರೆ. ನೇಕಾರ ಅದರ ಅಂಚಿಗೆ ಕೂತು, ಕಾಲು ಕೆಳಗೆ ಇಳಿಬಿಟ್ಟು ತುಳಿಯುತ್ತಾನೆ. ಮೇಲೆ ಕೈ ಲಾಳಿ ಓಡಿಸುತ್ತದೆ. ಬಯಲುಸೀಮೆಯ ಬಿಸಿಲಿಗೆ ಎಳೆ ಒಣಗಿ ಪಟಪಟನೆ ಹರಿಯದಂತೆ ಕುಣಿಯ ತಂಪು ಕಾಯುತ್ತದೆ. ಬಾಡಿಗೆ ಮನೆಯ ಮಾಲೀಕ ತನ್ನ ನೆಲ ಅಗೆಯಲು ಸುಲಭಕ್ಕೆ ಒಪ್ಪುವುದಿಲ್ಲ. ಗಂಡನ ಮನೆಯಿಂದ ಹೊರಬಿದ್ದು, ಮಕ್ಕಳನ್ನು ಕಟ್ಟಿಕೊಂಡು ತವರಿನ ಕಟ್ಟೆಯ ಮೇಲೋ ಗುಡಿಯ ಪೌಳಿಯಲ್ಲೋ ರಾತ್ರಿ ಕಳೆಯುವವಳಿಗಂತೂ ಕುಣಿ ತೋಡುವ ಮಾತೇ ಬರುವುದಿಲ್ಲ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ನೆಲೆ ತಪ್ಪಿದವರಿಗೆ, ಅದರಲ್ಲೂ ಒಂಟಿಯಾಗಿ ಮಕ್ಕಳನ್ನು ಸಾಕುವ ತಾಯಂದಿರಿಗೆ, ಕಸುಬು ಕಲಿಸಿ ಬದುಕು ಕಟ್ಟಿಕೊಡುವ ಪ್ರಯತ್ನ ಇಂದು ನಿನ್ನೆಯದಲ್ಲ. ಬರಗಾಲ, ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವ ‘ಮುತ್ತು ಕಟ್ಟುವ’ ಪದ್ಧತಿ, ಅಣೆಕಟ್ಟಿನ ಹಿನ್ನೀರು, ಮಲಪ್ರಭೆಯ ನೆರೆ ಇವೆಲ್ಲ ಒಂದರ ಹಿಂದೆ ಒಂದು ಬಂದು ಇಲ್ಲಿನ ಹೆಂಗಸರನ್ನು ಬೀದಿಗೆ ತಂದಿವೆ; ಪ್ರತಿ ಸಲವೂ ಯಾರೋ ಒಬ್ಬರು ರಾಟೆಯನ್ನೋ ಹೊಲಿಗೆ ಯಂತ್ರವನ್ನೋ ಹಿಡಿದು ಮುಂದೆ ಬಂದಿದ್ದಾರೆ. ಕಲಿಸಿದ ಕಸುಬು ಎಲ್ಲಿ ಕೈಹಿಡಿಯಿತು, ಎಲ್ಲಿ ಕೈಬಿಟ್ಟಿತು ಎಂದು ಹುಡುಕುತ್ತಾ ಹೋದರೆ ಮತ್ತೆ ಮತ್ತೆ ಎದುರಾಗುವುದು ಇದೇ ನೆಲದ ಪ್ರಶ್ನೆ: ಕಲಿತವಳು ಆ ಕೆಲಸವನ್ನು ಎಲ್ಲಿ ಕೂತು ಮಾಡಬೇಕು?

ಹೆಂಗಸರಿಗೆ ನೇಯ್ಗೆ ಹೊಸದಾಗಿ ಕಲಿಸಬೇಕಾದ ವಿದ್ಯೆಯೇನಲ್ಲ. ಇಳಕಲ್, ಕಮತಗಿ, ಸೂಳೇಭಾವಿ, ಗುಳೇದಗುಡ್ಡದ ನೇಕಾರ ಮನೆಗಳಲ್ಲಿ ಗಂಡಸು ಮಗ್ಗಕ್ಕೆ ಕೂರುವ ಹೊತ್ತಿಗೆ ಹೆಂಗಸರ ಕೈಯಲ್ಲಿ ಎಷ್ಟೋ ಕೆಲಸ ಮುಗಿದಿರುತ್ತದೆ. ರಾಟೆಗೆ ಕೂತು ಕಂಡಿಕೆ ಸುತ್ತುವುದು, ಹಾಸು ಹೂಡುವುದು, ಗಂಜಿ ಹಾಕುವುದು ಎಲ್ಲ ಅವರದೇ. ಇಳಕಲ್ ಸೀರೆಯ ಗುರುತೇ ಆಗಿರುವ ಕೊಂಡಿಯನ್ನು ಹತ್ತಿರದಿಂದ ನೋಡಬೇಕು. ಸೀರೆಯ ಒಡಲಿನ ಹಾಸು ಬೇರೆ, ಕೆಂಪು ಸೆರಗಿನ ಹಾಸು ಬೇರೆ. ಒಡಲು ಹೆಚ್ಚಾಗಿ ಹತ್ತಿ, ಸೆರಗು ರೇಷ್ಮೆ. ಒಡಲಿನ ಎಳೆಯ ತುದಿಗೆ ಸೆರಗಿನ ಎಳೆಯನ್ನು ಕುಣಿಕೆ ಹಾಕಿ ಸಿಕ್ಕಿಸಬೇಕು; ಹೀಗೆ ಒಂದೊಂದೇ ಎಳೆ, ಸೀರೆಯ ಅಗಲದುದ್ದಕ್ಕೂ ಸಾವಿರಾರು ಸಲ. ಆ ಸೀರೆ ಮುಗಿದರೆ ಮುಂದಿನದಕ್ಕೆ ಮತ್ತೆ ಹೊಸ ಕೊಂಡಿ. ಕಣ್ಣು ಕೀಲಿಸಿ, ಬೆನ್ನು ಬಗ್ಗಿಸಿ ಮಾಡುವ ಈ ಕೆಲಸ ಮನೆಯ ಹೆಂಗಸರಿಗೆ ಚಿಕ್ಕಂದಿನಿಂದಲೇ ಕೈಗತವಾಗಿರುತ್ತದೆ.

ಆದರೂ ಅದು ಮನೆಗೆಲಸದ ಲೆಕ್ಕಕ್ಕೇ ಹೋಗುತ್ತದೆ. ಸೀರೆಯ ಕೂಲಿ ಮಗ್ಗಕ್ಕೆ ಕೂತವನ ಹೆಸರಿಗೆ ಬರುತ್ತದೆ, ಸಂಘದ ಸದಸ್ಯತ್ವ ಅವನದು, ಸಾಹುಕಾರನ ಖಾತೆಯೂ ಅವನದೇ. ಗಂಡ ತೀರಿಕೊಂಡ ದಿನ, ಇಲ್ಲವೇ ಬಿಟ್ಟುಹೋದ ದಿನ, ಕಸುಬು ಬಲ್ಲ ಹೆಂಗಸು ಕಸುಬಿನ ಹೊರಗೆ ನಿಂತುಬಿಡುತ್ತಾಳೆ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ನೂಲುವ ಕಾಯಕದ ಕದಿರ ರೆಮ್ಮವ್ವೆಯ ಹೆಸರು ಆ ಕಾಯಕದಿಂದಲೇ ಉಳಿದಿದೆ. ಹುನಗುಂದ ತಾಲೂಕಿನ ಕೂಡಲಸಂಗಮವನ್ನು ಪುಣ್ಯಕ್ಷೇತ್ರವೆಂದು ನಮಿಸುವ ಸೀಮೆಯಲ್ಲಿ ನೂಲುವ ಹೆಂಗಸಿನ ದುಡಿಮೆಗೆ ಪ್ರತ್ಯೇಕ ಲೆಕ್ಕ ಇಲ್ಲದೆ ಹೋದದ್ದು ನೋವಿನ ಸಂಗತಿ.

ದೊಡ್ಡ ಪ್ರಮಾಣದಲ್ಲಿ ನೆಲೆ ತಪ್ಪಿದ ದಾಖಲೆ ಸಿಗುವುದು 1876ರಿಂದ 1878ರವರೆಗಿನ ಬರದಲ್ಲಿ. ಆಗ ಈ ಸೀಮೆ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆ. ಜಿಲ್ಲಾ ಕೇಂದ್ರ 1885ರಲ್ಲಿ ವಿಜಾಪುರಕ್ಕೆ ಹೋಯಿತು. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿಯಿತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. ಬರ ಬಿದ್ದಾಗ ಜನ ಮೊದಲು ಕೈಬಿಡುವುದು ಹೊಸ ಬಟ್ಟೆಯನ್ನು. ಹಾಗಾಗಿ ಬೆಳೆ ಹೋದ ರೈತನಷ್ಟೇ ಬೇಗ ನೇಕಾರನೂ ಬೀದಿಗೆ ಬಂದ. ಸರ್ಕಾರದ ಪರಿಹಾರ ಕಾಮಗಾರಿಯೆಂದರೆ ಕಲ್ಲು ಒಡೆಯುವುದು, ಮಣ್ಣು ಹೊರುವುದು. ಎಳೆ ಹಿಡಿದು ಪಳಗಿದ ಬೆರಳು ಸುತ್ತಿಗೆ ಹಿಡಿದರೆ ಮತ್ತೆ ಕೊಂಡಿಗೆ ಮರಳುವುದು ಕಷ್ಟ. 1880ರ ಕ್ಷಾಮ ಆಯೋಗದ ನಂತರ ಈ ಮಾತು ಅಧಿಕಾರಿಗಳ ಕಿವಿಗೂ ಬಿತ್ತು. 1896-97ರ ಬರದಲ್ಲಿ ಸೊಲ್ಲಾಪುರದ ನೇಕಾರರಿಗೆ ಅವರ ಕಸುಬಿನಲ್ಲೇ ಪರಿಹಾರದ ಕೆಲಸ ಕೊಟ್ಟರು. ಒಳ್ಳೆಯ ಹೆಜ್ಜೆಯೇ. ಆದರೆ ಮಗ್ಗದ ಮೂಲಕ ಬರುವ ನೆರವು ಮಗ್ಗ ಇರುವ ಮನೆಯ ಬಾಗಿಲಿಗೆ ಮಾತ್ರ ಬರುತ್ತದೆ.

ಮನೆಯನ್ನೂ ಕಸುಬನ್ನೂ ಒಟ್ಟಿಗೆ ಯೋಚಿಸಿದವರಲ್ಲಿ ಬಾಸೆಲ್ ಮಿಷನ್ನಿನವರನ್ನು ಹೆಸರಿಸಬೇಕು. ಗುಳೇದಗುಡ್ಡದಲ್ಲಿ ಅವರ ಕೇಂದ್ರ 1851ರಲ್ಲಿ ಆರಂಭವಾಯಿತು. ಮತ ಬದಲಿಸಿದವರು ಮನೆ, ಕುಲ, ಕಸುಬು ಮೂರನ್ನೂ ಒಂದೇ ಏಟಿಗೆ ಕಳೆದುಕೊಳ್ಳುತ್ತಿದ್ದರು. ಅವರಿಗೆ ಇರಲು ನೆಲೆ, ದುಡಿಯಲು ಕೆಲಸ ಎರಡನ್ನೂ ಒದಗಿಸುವುದು ಮಿಷನ್ನಿಗೆ ಅನಿವಾರ್ಯವಾಯಿತು. ಮಂಗಳೂರು, ಕಣ್ಣೂರಿನ ನೇಯ್ಗೆ ಕಾರ್ಖಾನೆಗಳು ಬೆಳೆದದ್ದು ಈ ಒತ್ತಡದಿಂದ. ಬರದಲ್ಲಿ ಅನಾಥರಾದ ಮಕ್ಕಳನ್ನು ಮಿಷನ್ನಿನ ಅನಾಥಾಲಯಗಳು ಸಾಕಿದವು. ಅದರ ಹಿಂದಿನ ಧಾರ್ಮಿಕ ಉದ್ದೇಶವನ್ನು ಒಪ್ಪದವರೂ ಸೂರು ಮತ್ತು ಕಸುಬನ್ನು ಬೇರ್ಪಡಿಸದ ಆ ಕ್ರಮದಲ್ಲಿ ವಿವೇಕವಿತ್ತು ಎಂದು ಒಪ್ಪಬೇಕಾಗುತ್ತದೆ.

ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಕಥೆ ಇನ್ನೂ ಜಟಿಲ. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ದೇವರಿಗೆ ಬಿಟ್ಟ ಮಗಳು ಮದುವೆಯಾಗುವಂತಿಲ್ಲ. ತವರಲ್ಲೇ ಇದ್ದು, ಗಂಡುಮಗನ ಹಾಗೆ ತಂದೆ ತಾಯಿಯನ್ನು ಸಾಕಬೇಕು. ಅವಳಿಗೆ ಹುಟ್ಟಿದ ಮಕ್ಕಳಿಗೆ ತಾಯಿಯೊಬ್ಬಳೇ ದಿಕ್ಕು. ಜಮಖಂಡಿ, ಮುಧೋಳ, ಅಥಣಿ ಕಡೆಯಿಂದ ಎಷ್ಟೋ ಹುಡುಗಿಯರು ಮುಂಬಯಿ, ಪುಣೆ, ಸಾಂಗ್ಲಿಯ ಕೆಂಪುದೀಪದ ಓಣಿಗಳಿಗೆ ಸಾಗಿಹೋದರು. ಅವರು ಕಳಿಸಿದ ಹಣದಲ್ಲಿ ತವರಿನ ಮಾಡು ಎದ್ದಿತು, ತಮ್ಮಂದಿರ ಮದುವೆಯಾಯಿತು. ವಯಸ್ಸಾಗಿ, ರೋಗ ಹಿಡಿದು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಊರಿಗೆ ಮರಳಿದಾಗ ಮನೆಯ ಉತಾರದಲ್ಲಿ ತಮ್ಮನ ಹೆಸರಿತ್ತು. ಪದ್ಧತಿ ಅವಳನ್ನು ಮನೆಯ ಮಗನೆಂದು ಕರೆದಿತ್ತು, ಮನೆಯ ಕಾಗದ ಹಾಗೆ ಕರೆಯಲಿಲ್ಲ.

ಕಾನೂನು ಬಂದದ್ದು ತಡವಾಗಿಯಲ್ಲ. ಮುಂಬಯಿ ಪ್ರಾಂತದಲ್ಲಿ 1934ರಲ್ಲೇ ದೇವದಾಸಿ ಸಂರಕ್ಷಣಾ ಕಾಯ್ದೆ ಆಯಿತು. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ಅದರ ವ್ಯಾಪ್ತಿಯಲ್ಲಿದ್ದವು. ಆಗ ಸಂಸ್ಥಾನಗಳಾಗಿದ್ದ ಜಮಖಂಡಿ, ಮುಧೋಳ ಬ್ರಿಟಿಷ್ ಆಡಳಿತದ ಹೊರಗಿದ್ದವು. ಕರ್ನಾಟಕದ ಕಾಯ್ದೆ 1982ರದು, ಜಾರಿಗೆ ಬಂದದ್ದು 1984ರಲ್ಲಿ. ಮುತ್ತು ಕಟ್ಟಿದವರಿಗೆ ಮೂರು ವರ್ಷದವರೆಗೆ ಸೆರೆ. ತಂದೆ ತಾಯಿ, ಪೋಷಕರೇ ಮಾಡಿದರೆ ಐದು ವರ್ಷದವರೆಗೆ. ಶಿಕ್ಷೆಯ ಮಾತು ಹೀಗೆ ಸ್ಪಷ್ಟವಾಗಿತ್ತು. ಈಗಾಗಲೇ ಮುತ್ತು ಕಟ್ಟಿಸಿಕೊಂಡವಳು ನಾಳೆ ಏನು ತಿನ್ನಬೇಕು, ಎಲ್ಲಿ ಮಲಗಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಶುರುವಾದದ್ದು 1990ರ ದಶಕದಲ್ಲಿ.

ಅದು ಶುರುವಾದದ್ದು ಪಕ್ಕದ ಘಟಪ್ರಭಾ ಪಟ್ಟಣದಲ್ಲಿ. 1987ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡಾ ಎಂಬ ಸ್ವಯಂಸೇವಾ ಸಂಸ್ಥೆ ಸೇರಿ ಅಲ್ಲಿ ದೇವದಾಸಿ ಪುನರ್ವಸತಿಗೆ ಕೈಹಾಕಿದವು. ಊರೂರಿಗೆ ಹೋಗಿ ಹೆಂಗಸರನ್ನು ಸಂಘ ಕಟ್ಟುವಂತೆ ಒಪ್ಪಿಸಿದರು. ವಾರದ ಉಳಿತಾಯ, ಸಣ್ಣ ಸಾಲ, ಕಸುಬಿನ ತರಬೇತಿ, ಮಕ್ಕಳ ಶಾಲೆ ಎಲ್ಲ ಅದರ ಬೆನ್ನಿಗೇ ಬಂದವು. 1997ರಲ್ಲಿ ಈ ಹೆಂಗಸರೇ ತಮ್ಮದೊಂದು ಸಂಸ್ಥೆ ಮಾಡಿಕೊಂಡರು: ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನರ ಬಾಯಲ್ಲಿ ‘ಮಾಸ್’. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಬಾಲ್ಯದಲ್ಲೇ ದೇವರಿಗೆ ಬಿಡಲ್ಪಟ್ಟವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಡೀ ಉತ್ತರ ಕರ್ನಾಟಕದಲ್ಲಿ ಇದಕ್ಕಿಂತ ಗಟ್ಟಿಯಾದ ಉದಾಹರಣೆ ಸಿಗುವುದು ಕಷ್ಟ. ಇಲ್ಲಿ ಕಲಿಸಿದವರೂ ಕಲಿತವರೂ ಕೊನೆಗೆ ಒಂದೇ ಜನ ಆದರು.

ರಾಜ್ಯ ಸರ್ಕಾರ 1993-94ರಲ್ಲಿ ಒಮ್ಮೆ, 2007-08ರಲ್ಲಿ ಮತ್ತೊಮ್ಮೆ ಸಮೀಕ್ಷೆ ಮಾಡಿ ಒಟ್ಟು 46,660 ಮಾಜಿ ದೇವದಾಸಿಯರನ್ನು ಗುರುತಿಸಿತು. ಮಾಸಾಶನ ಬಂತು, ಸಾಲ ಬಂತು, ವಸತಿ ಯೋಜನೆಯಲ್ಲಿ ಮನೆಯೂ ಬಂತು. ದೇವರಾಜ ಅರಸು ವಸತಿ ಯೋಜನೆ ವಿಧವೆಯರನ್ನೂ ಮಾಜಿ ದೇವದಾಸಿಯರನ್ನೂ ವಿಶೇಷ ವರ್ಗವೆಂದು ಹೆಸರಿಸಿದೆ. ಆದರೆ ಮನೆ ಕಟ್ಟಲು ನಿವೇಶನದ ಹಕ್ಕುಪತ್ರ ತೋರಿಸಬೇಕು. ಅಲ್ಲಿಗೆ ಮಾತು ಮತ್ತೆ ಉತಾರದ ಹತ್ತಿರವೇ ಬಂದು ನಿಲ್ಲುತ್ತದೆ. 2025ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ಮಸೂದೆ, ಈ ತಾಯಂದಿರ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯುವ ಕಡ್ಡಾಯವನ್ನು ತೆಗೆಯಿತು. ಶಾಲೆಯ ದಾಖಲಾತಿಯಿಂದ ಹಿಡಿದು ತರಬೇತಿಯ ಅರ್ಜಿಯವರೆಗೆ ಆ ಒಂದು ಖಾಲಿ ಗೆರೆಯ ಮುಂದೆ ತಲೆತಗ್ಗಿಸಿ ನಿಂತ ಮಕ್ಕಳಿಗೆ ಇದು ದೊಡ್ಡ ಬಿಡುಗಡೆ.

ಸರ್ಕಾರಿ ತರಬೇತಿ ಎಂದ ಕೂಡಲೇ ಈ ಭಾಗದಲ್ಲಿ ಕಣ್ಣಮುಂದೆ ಬರುವುದು ಹೊಲಿಗೆ ಯಂತ್ರ. 1979ರ ‘ಟ್ರೈಸೆಮ್’ ಯೋಜನೆ ಗ್ರಾಮೀಣ ಯುವಕ ಯುವತಿಯರಿಗೆ ಸ್ವಯಂ ಉದ್ಯೋಗ ಕಲಿಸಲು ಹೊರಟಿತು. 1982-83ರಲ್ಲಿ ಮಹಿಳೆಯರಿಗೆಂದೇ ‘ಡ್ವಾಕ್ರಾ’ ಬಂತು. 1997-98ರಲ್ಲಿ ರಾಜ್ಯದ ‘ಉದ್ಯೋಗಿನಿ’, 2000-01ರಲ್ಲಿ ‘ಸ್ತ್ರೀಶಕ್ತಿ’. ಹೆಸರು ಬದಲಾದರೂ ಹೊಲಿಗೆ ಯಂತ್ರ ಉಳಿಯಿತು. ಅದಕ್ಕೆ ಕಾರಣವೂ ಇದೆ. ಮನೆ ಬದಲಿಸಿದಾಗ ಅದನ್ನು ಎತ್ತಿಕೊಂಡು ಹೋಗಬಹುದು, ಬಾಡಿಗೆ ಕೋಣೆಯ ಮೂಲೆಯಲ್ಲಿ ಇಡಬಹುದು, ನೆಲ ಅಗೆಯಬೇಕಿಲ್ಲ. ನೆಲೆ ಇಲ್ಲದವಳಿಗೆ ಸಾಗಿಸಲು ಬರುವ ಕಸುಬು ಇದೊಂದೇ ಎಂದು ಯೋಜನೆ ಮಾಡಿದವರು ಎಣಿಸಿರಬಹುದು. ಆದರೆ ಒಂದೇ ಓಣಿಯಲ್ಲಿ ಹತ್ತು ಮಂದಿ ರವಿಕೆ ಹೊಲಿಯಲು ಕೂತರೆ ಹತ್ತು ಮಂದಿಗೂ ಹೊಟ್ಟೆ ತುಂಬುವಷ್ಟು ಗಿರಾಕಿ ಆ ಓಣಿಯಲ್ಲಿ ಇರುವುದಿಲ್ಲ. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ಎಂಬುದು ಇಲ್ಲಿನ ಪರಂಪರೆ. ಆ ಸೀರೆಯ ಮೇಲೆ ಗೋಪುರ, ತೇರು, ತೊಟ್ಟಿಲು ಅರಳಿಸುವ ಕಸೂತಿಯೂ ಈ ಭಾಗದ ಹೆಂಗಸರ ಕೈಕೆಲಸವೇ. ಅದಕ್ಕೆ ಸೂಜಿ, ದಾರ, ಒಂದಿಷ್ಟು ಬೆಳಕು ಸಾಕು. ತರಬೇತಿ ಕೇಂದ್ರಗಳು ಇದಕ್ಕೆ ಇನ್ನಷ್ಟು ಒತ್ತು ಕೊಟ್ಟಿದ್ದರೆ ಕಲಿತವರು ಓಣಿಯ ಗಿರಾಕಿಯನ್ನೇ ನೆಚ್ಚಿ ಕೂರಬೇಕಾಗುತ್ತಿರಲಿಲ್ಲ.

ತುಳಸಿಗೇರಿಯ ದಾರಿ ಬೇರೆ. ಬಾಗಲಕೋಟೆ ತಾಲೂಕಿನ ಈ ಊರನ್ನು ಹೊರಗಿನವರು ಆಂಜನೇಯನ ಗುಡಿಯಿಂದ ಬಲ್ಲರು. ದೇಶದ ರಾಷ್ಟ್ರಧ್ವಜದ ಬಟ್ಟೆ ಇಲ್ಲಿ ನೇಯಲ್ಪಡುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ತಯಾರಿಸುತ್ತದೆ. ತುಳಸಿಗೇರಿಯ ಬಟ್ಟೆ ಬೆಂಗೇರಿಗೆ ಹೋಗಿ, ಬಣ್ಣ ಹಾಕಿಸಿಕೊಂಡು, ಅಶೋಕ ಚಕ್ರ ಅಚ್ಚಾಗಿ, ಹೊಲಿಗೆ ಕಂಡು, ಆರು ನಾಲ್ಕು ಇಂಚಿನ ಪುಟ್ಟ ಧ್ವಜದಿಂದ ಇಪ್ಪತ್ತೊಂದು ಹದಿನಾಲ್ಕು ಅಡಿಯ ದೊಡ್ಡ ಧ್ವಜದವರೆಗೆ ಒಂಬತ್ತು ಅಳತೆಗಳಲ್ಲಿ ಹೊರಬರುತ್ತದೆ. ಎಳೆಯ ಸಂಖ್ಯೆ, ಬಟ್ಟೆಯ ತೂಕ, ಬಣ್ಣದ ಗಟ್ಟಿತನ ಎಲ್ಲದಕ್ಕೂ ಮಾನಕ ಸಂಸ್ಥೆಯ ಪರೀಕ್ಷೆ ಉಂಟು. ನೂಲುವವರಲ್ಲಿ, ನೇಯುವವರಲ್ಲಿ ಹೆಚ್ಚಿನವರು ಹೆಂಗಸರು. ಇಲ್ಲಿ ಮಗ್ಗ ಸಂಘದ್ದು, ಸೂರು ಸಂಘದ್ದು, ಕೂಲಿ ಮಾತ್ರ ಅವಳದು, ಅದೂ ಅವಳ ಹೆಸರಿಗೇ. ಅವಳು ಬಾಡಿಗೆ ಮನೆಯಲ್ಲಿರಲಿ, ತವರಿನ ಹಿತ್ತಲಲ್ಲಿರಲಿ, ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಬಂದು ನೇಯಬಹುದು. ಮನೆಯಿಲ್ಲದವಳಿಗೂ ಮಗ್ಗ ದಕ್ಕುವ ವ್ಯವಸ್ಥೆ ಈ ಸೀಮೆಯಲ್ಲಿ ಯಾವುದಾದರೂ ಇದ್ದರೆ ಅದು ಇಂಥ ಖಾದಿ ಕೇಂದ್ರ.

ಅದಕ್ಕೇ 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿ ತಂದು ಯಂತ್ರದಲ್ಲಿ ನೇಯ್ದ, ಪಾಲಿಯೆಸ್ಟರಿನ ಧ್ವಜಕ್ಕೂ ಅನುಮತಿ ಕೊಟ್ಟದ್ದು ಇಲ್ಲಿ ಬೇರೆಯೇ ಪೆಟ್ಟು ಕೊಟ್ಟಿತು. ಸ್ವಾತಂತ್ರ್ಯದ 75ನೇ ವರ್ಷಕ್ಕೆ ಮನೆಮನೆಯಲ್ಲೂ ತಿರಂಗಾ ಹಾರಿದ ಹೊತ್ತಿಗೆ ಖಾದಿ ಸಂಘ ಪ್ರತಿಭಟನೆಗೆ ಇಳಿಯಬೇಕಾಯಿತು. ಬೇಡಿಕೆ ಬಿದ್ದರೆ ತುಳಸಿಗೇರಿಯ ಮಗ್ಗ ನಿಲ್ಲುತ್ತದೆ. ಆ ಮಗ್ಗದ ಮುಂದೆ ಕೂರುವವಳಿಗೆ ಹಿಂದೆ ಒರಗಲು ಬೇರೆ ಗೋಡೆಯಿಲ್ಲ.

ಬಾದಾಮಿಯ ಬನಶಂಕರಿಯಲ್ಲಿ ಇನ್ನೊಂದು ಬಗೆಯ ದುಡಿಮೆ ಇದೆ. ಅದಕ್ಕೆ ಯಾವ ಯೋಜನೆಯ ಹೆಸರೂ ಇಲ್ಲ. ಬುಟ್ಟಿ ಹೊತ್ತ ಹೆಂಗಸರು ಸುತ್ತಲಿನ ಹಳ್ಳಿಗಳಿಂದ ಬಂದು ಗುಡಿಯ ಅಂಗಳದ ಆಚೀಚೆ ಭಕ್ತರಿಗೆ ಊಟ ಬಡಿಸುತ್ತಾರೆ. ಜೋಳದ ರೊಟ್ಟಿ, ಸಜ್ಜೆಯ ಕಡಕ್ ರೊಟ್ಟಿ, ಕಾಳಿನ ಪಲ್ಯ, ಕೆಂಪು ಖಾರ, ಶೇಂಗಾ ಚಟ್ನಿ, ಸಣ್ಣ ಮಣ್ಣಿನ ಗಡಿಗೆಯಲ್ಲಿ ಗಟ್ಟಿ ಮೊಸರು. ನಸುಕಿನಲ್ಲಿ ಎದ್ದು ಒಲೆ ಹಚ್ಚಿ ರೊಟ್ಟಿ ಬಡಿದರೆ ಮಧ್ಯಾಹ್ನಕ್ಕೆ ಕೈಗೆ ರೊಕ್ಕ. ಬಾಡಿಗೆಯ ಅಂಗಡಿ ಬೇಡ, ಪ್ರಮಾಣಪತ್ರ ಬೇಡ, ತಾಯಿಯಿಂದ ಕಲಿತದ್ದೇ ತರಬೇತಿ. ಇತ್ತೀಚಿನ ವರ್ಷಗಳಲ್ಲಿ ಉತ್ತರ ಕರ್ನಾಟಕದ ಊರೂರಲ್ಲಿ ಹುಟ್ಟಿಕೊಂಡ ರೊಟ್ಟಿ ಕೇಂದ್ರಗಳು ಇದೇ ವಿದ್ಯೆಯನ್ನು ನಂಬಿ ನಿಂತಿವೆ. ಈ ಬುಟ್ಟಿಯ ಊಟ ಬನಶಂಕರಿಯ ಹೆಸರಿನೊಂದಿಗೇ ಬೆಸೆದುಕೊಂಡಿದೆ. ಆದರೆ ಅದನ್ನು ಬಡಿಸುವ ಹೆಂಗಸರಿಗೆ ಬಿಸಿಲು ಮಳೆಗೆ ಒಂದು ಚಾವಣಿ, ಕುಡಿಯಲು ಒಂದು ನಲ್ಲಿ ಬೇಕೆಂಬ ಯೋಚನೆ ಪ್ರವಾಸೋದ್ಯಮದ ನಕಾಶೆಗಳಲ್ಲಿ ಮೊದಲ ಸಾಲಿಗೆ ಬರಬೇಕಿತ್ತು.

ಇನ್ನು ಮುಳುಗಡೆ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ 1964ರ ಮೇ 22ರಂದು ಅಡಿಗಲ್ಲು ಹಾಕಿದರು. ಹಿನ್ನೀರು ಬಾಗಲಕೋಟೆಯ ಪೇಟೆಗೇ ನುಗ್ಗಲಿದೆ ಎಂದು ಖಚಿತವಾದ ಮೇಲೆ ಹೊಸ ಊರಿನ ನಕಾಶೆ ತಯಾರಾಯಿತು. ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅದಕ್ಕೆ ರೂಪ ಕೊಟ್ಟರು. ನವನಗರ ಎದ್ದಿತು, ಸೆಕ್ಟರುಗಳಾದವು. ಹಳ್ಳಿಗಳವರಿಗೆ ಪುನರ್ವಸತಿ ಕೇಂದ್ರಗಳು. ಪುನರ್ವಸತಿ ಸರಿಯಾಗಿಲ್ಲವೆಂದು 1990ರ ದಶಕದಲ್ಲಿ ವಿಶ್ವಬ್ಯಾಂಕ್ ತನ್ನ ಸಾಲವನ್ನೇ ತಡೆಹಿಡಿದದ್ದುಂಟು. ಪರಿಹಾರ ಪಹಣಿಯಲ್ಲಿ, ಉತಾರದಲ್ಲಿ ಹೆಸರಿದ್ದವರ ಕೈಗೆ ಹೋಯಿತು. ಅಣ್ಣನ ಮನೆಯ ಹಿತ್ತಲಲ್ಲಿ ಒಲೆ ಹೂಡಿಕೊಂಡಿದ್ದ ವಿಧವೆಗೆ, ಗಂಡ ಬಿಟ್ಟವಳಿಗೆ, ಮುತ್ತು ಕಟ್ಟಿಸಿಕೊಂಡವಳಿಗೆ ಆ ಮನೆ ಮುಳುಗಿದಾಗ ಕಾಗದದ ಮೇಲೆ ಏನೂ ಮುಳುಗಿರಲಿಲ್ಲ. ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತ್ತು. ಆದರೆ ಅಷ್ಟರಲ್ಲಿ ಮದುವೆಯಾಗಿ ಹೋದವರನ್ನು ಹೊರಗಿಟ್ಟಿತ್ತು. ಗಂಡನ ಮನೆಯಿಂದ ಮರಳಿ ಬಂದ ಮಗಳಿಗೆ ತವರಿನ ಪಾಲು ದಕ್ಕಲು 2005ರ ಕೇಂದ್ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಗಂಡನ ಮನೆಯಲ್ಲೇ ಇರುವ ಹಕ್ಕನ್ನು ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಕೊಟ್ಟದ್ದು 2006ರಲ್ಲಿ ಜಾರಿಗೆ ಬಂದ ಮೇಲೆ.

ಮನೆ ಮುರಿಯುವುದಕ್ಕೆ ನೀರೇ ಬೇಕೆಂದಿಲ್ಲ, ಹೆಂಡವೂ ಸಾಕು. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ ಕುಡಿತ, ತಂಬಾಕಿನ ಚಟವನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಆ ಜೋಳಿಗೆಯನ್ನು ಧಾರ್ಮಿಕ ಆಚರಣೆಯೆಂದಷ್ಟೇ ಓದಬಾರದು. ಕುಡಿದು ಬರುವ ಗಂಡನಿಂದ ನಡುರಾತ್ರಿ ಮಕ್ಕಳನ್ನು ಎಬ್ಬಿಸಿಕೊಂಡು ಹೊರಗೋಡುವ ಹೆಂಗಸಿನ ದೃಷ್ಟಿಯಲ್ಲಿ ಅದು ಸೂರು ಉಳಿಸುವ ಕೆಲಸವೇ ಆಗಿತ್ತು.

2009ರ ಸೆಪ್ಟೆಂಬರ್ ಕೊನೆಯ ಮಳೆಗೆ ಮಲಪ್ರಭೆ, ಕೃಷ್ಣಾ ತೀರದ ಹಳ್ಳಿಗಳು ಕೊಚ್ಚಿಹೋದವು. ‘ಆಸರೆ’ ಹೆಸರಿನಲ್ಲಿ ಹೊಸ ಜಾಗದಲ್ಲಿ ಮನೆಗಳೆದ್ದವು. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ಬಂದಳು. ಕುಣಿಮಗ್ಗಕ್ಕೆ ನೆರೆಯಷ್ಟು ದೊಡ್ಡ ಶತ್ರು ಬೇರೆಯಿಲ್ಲ. ಮನೆಯೊಳಗೆ ನೀರು ಹೊಕ್ಕರೆ ಮೊದಲು ತುಂಬುವುದು ಕುಣಿ. ಹೂಡಿದ ಹಾಸು ಕೆಸರಲ್ಲಿ ಕೂತರೆ ತಿಂಗಳ ಕೂಲಿ ಹೋದಂತೆ. ಪರಿಹಾರದ ಮನೆಗೆ ಎರಡು ಕೋಣೆ, ಸಿಮೆಂಟಿನ ನೆಲ. ನೇಕಾರರ ಊರಿಗೆ ಕಟ್ಟುವ ಮನೆಯಲ್ಲಿ ಮಗ್ಗಕ್ಕೆ ಒಂದಿಷ್ಟು ಮಣ್ಣಿನ ನೆಲ ಬಿಡಬೇಕೆಂದು ಕಟ್ಟುವವರು ಮೊದಲೇ ಕೇಳಿ ತಿಳಿದುಕೊಳ್ಳುವುದು ದೊಡ್ಡ ಖರ್ಚಿನ ಮಾತಲ್ಲ.

2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರಿದ್ದಾರೆ, ಅವರಲ್ಲಿ ನೂರಕ್ಕೆ 72 ಮಂದಿ ಹೆಂಗಸರು. ಗಣತಿ ನೇಕಾರರನ್ನು ಬೇರೆ, ಪೂರಕ ಕೆಲಸದವರನ್ನು ಬೇರೆ ಎಣಿಸುತ್ತದೆ. ಇಳಕಲ್ಲಿನಲ್ಲಿ ಕೊಂಡಿ ಹಾಕುವವಳು, ಕಂಡಿಕೆ ಸುತ್ತುವವಳು ಸೇರುವುದು ಈ ಎರಡನೆಯ ಸಾಲಿಗೆ. ಅಲ್ಲಿಯಾದರೂ ಅವಳ ಹೆಸರು ಬಂದಿರುವುದು ಮುಂದಿನ ದಿನಗಳಲ್ಲಿ ಬಹಳ ಉಪಯೋಗಕ್ಕೆ ಬರಬೇಕು. ಏಕೆಂದರೆ ಆಲಮಟ್ಟಿಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಲ್ಲಿ ಇನ್ನಷ್ಟು ಹಳ್ಳಿಗಳು, ಹಳೇ ಬಾಗಲಕೋಟೆಯ ಉಳಿದ ಓಣಿಗಳು ನೀರಿಗೆ ಹೋಗಲಿವೆ. ಈ ಸಲ ಅನ್ವಯವಾಗುವುದು 2014ರ ಜನವರಿ 1ರಿಂದ ಜಾರಿಯಲ್ಲಿರುವ ಹೊಸ ಭೂಸ್ವಾಧೀನ ಕಾಯ್ದೆ. ವಿಧವೆಯರು, ವಿಚ್ಛೇದಿತೆಯರು, ಮನೆಯವರು ಕೈಬಿಟ್ಟ ಹೆಂಗಸರು ಪ್ರತ್ಯೇಕ ಕುಟುಂಬ ಎಂದು ಅದು ಬರೆದಿಟ್ಟಿದೆ. ಕುಶಲಕರ್ಮಿಗಳಿಗೆ ಒಂದಾವರ್ತಿ ನೆರವನ್ನೂ ಅದರ ಅನುಸೂಚಿ ಹೇಳುತ್ತದೆ. ಓಣಿ ಓಣಿಗೆ ಸಮೀಕ್ಷೆಗೆ ಹೋಗುವ ಸಿಬ್ಬಂದಿ ಉತಾರದ ಹೆಸರು ಬರೆದುಕೊಂಡು ಮುಂದಿನ ಬಾಗಿಲಿಗೆ ಹೋಗುವ ಮುನ್ನ, ಹಿತ್ತಲಲ್ಲಿ ಬೇರೆ ಒಲೆ ಇದೆಯೇ, ಅಲ್ಲಿ ಮಕ್ಕಳನ್ನು ಸಾಕುತ್ತಾ ಕಂಡಿಕೆ ಸುತ್ತುವವಳು ಯಾರು ಎಂದು ಕೇಳಿ, ಅವಳ ಹೆಸರಿಗೆ ಬೇರೆ ನಮೂನೆ ತುಂಬಬೇಕು.